ಮಿಸ್ಡ್ ಕಾಲ್ ಮಲ್ಲ

ಮೂಡಲಗಿ ತಾಲೂಕಿನಲ್ಲಿ ತಲೆ ಓಡುವ ಗಂಡಸು ಒಬ್ಬನೇ, ಅವನು ನಾನೇ! ಈ ಮಾತನ್ನು ಹೋದ ತಿಂಗಳ ತನಕ ವಿನಯದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆ. ಆದರೆ ನಮ್ಮೂರ ಯಂತ್ರಕುಸ್ತಿ ಸಂಘದವರು ಕಟ್ಟಿದ ಮಲ್ಲರನ್ನು ಕಣ್ಣಾರೆ ಕಂಡ ಮೇಲೆ, ಇನ್ನೂ ವಿನಯ ತೋರಿಸುವುದು ಲೋಕಕ್ಕೆ ಮೋಸ ಮಾಡಿದ ಹಾಗೆ ಅನ್ನಿಸಿತು.

ಯಂತ್ರಕುಸ್ತಿ ಅಂದರೆ ಮತ್ತೇನಲ್ಲ. ಮನೆಯಲ್ಲೇ ಮೋಟರು, ಗಾಲಿ, ಬ್ಯಾಟರಿ ಜೋಡಿಸಿ ಜಗಳಗಂಟ ರೋಬೋಟ್ ಕಟ್ಟುವುದು. ಊರ ಹೊರಗೆ ಮುಚ್ಚಿಹೋದ ಬೆಲ್ಲದ ಗಾಣದೊಳಗೆ ಕಬ್ಬಿಣದ ಜಾಳಿಗೆಯ ಕಣ ಮಾಡಿದ್ದಾರೆ. ಅದರೊಳಗೆ ಎರಡನ್ನು ಬಿಡುವುದು. ಮೂರು ನಿಮಿಷ ಅವು ಗುದ್ದಾಡುತ್ತವೆ, ಹೊರಗೆ ನಿಂತವರು ಶಿಳ್ಳೆ ಹೊಡೆಯುತ್ತಾರೆ. ಉರುಳಿಬಿದ್ದು ಹತ್ತು ಎಣಿಸುವುದರೊಳಗೆ ಏಳದಿದ್ದರೆ ಸೋತಂತೆ. ಎಣಿಸುವವರು ದುಂಡಪ್ಪ ಕಾಕಾ. ಹರೆಯದಲ್ಲಿ ಖರೇ ಕುಸ್ತಿ ಹಿಡಿದವರು. ಈಗಲೂ ಅಖಾಡದ ಕೆಂಪು ಮಣ್ಣನ್ನು ಒಂದು ಹಿಡಿ ತಂದು ಎರಡೂ ರೋಬೋಟಿನ ಬೆನ್ನಿಗೆ ಸವರದ ಹೊರತು ಸೀಟಿ ಊದುವುದಿಲ್ಲ. ಬೇರಿಂಗಿನೊಳಗೆ ಮಣ್ಣು ಹೋಗುತ್ತದೆ ಎಂದು ಹೇಳಿದರೆ, "ಮಣ್ಣ ತಾಕದ ಪೈಲ್ವಾನ ಎಂಥಾ ಪೈಲ್ವಾನಲೇ?" ಎಂದು ನಮ್ಮನ್ನೇ ಬೈಯುತ್ತಾರೆ.

ಇನ್ನು ಆ ಮಲ್ಲರ ಅಂದ ಕೇಳಬೇಕೆ! ಒಬ್ಬನದು ಮುಂದೆ ಹೋಗೆಂದರೆ ಹಿಂದೆ ಬರುತ್ತಿತ್ತು. ಇನ್ನೊಬ್ಬನದು ಎದುರಾಳಿಯನ್ನು ಕಂಡ ಕೂಡಲೇ ಹೊಗೆ ಬಿಟ್ಟು ಪ್ರಾಣ ಬಿಟ್ಟಿತು. ಇವರೆಲ್ಲರ ಚಾಂಪಿಯನ್ ನಾಗನೂರಿನ ಟ್ರ್ಯಾಕ್ಟರ್ ಮೆಕ್ಯಾನಿಕ್ ಯಲ್ಲಾಲಿಂಗ. ಅವನ ರೋಬೋಟಿನ ಹೆಸರು ಕೋಣ. ಹಳೆಯ ಕಬ್ಬಿಣದ ಟ್ರಂಕಿಗೆ ಗಾಲಿ ಹಚ್ಚಿ, ಮುಂದೆ ನೇಗಿಲಿನ ತಗಡು ಬಡಿದಿದ್ದ, ಅಷ್ಟೇ. ನಿಧಾನಕ್ಕೆ ಹೋಗುವುದು, ಎದುರಿನವನ ಅಡಿಗೆ ತಗಡು ತೂರಿಸುವುದು, ಎತ್ತಿ ಒಗೆಯುವುದು. ಕಲೆ ಇಲ್ಲ, ಶಾಸ್ತ್ರ ಇಲ್ಲ. ಸಗಣಿ ಹಾಕುವುದೊಂದು ಕಲಿತರೆ ಅದನ್ನು ಸಂತೆಯಲ್ಲಿ ಮಾರಬಹುದಿತ್ತು!

ನಾನು ಮೂಡಲಗಿಯಲ್ಲಿ ಪಂಪಸೆಟ್ಟಿನ ಸಾಮಾನಿನ ಅಂಗಡಿ ಇಟ್ಟವನು. ಹೆಸರು ಮಾಯಪ್ಪ. ಸುತ್ತಲಿನ ಹಳ್ಳಿಗಳ ಬಾವಿ ಬೋರುಗಳ ನಾಡಿ ನನ್ನ ಕೈಯಲ್ಲಿದೆ. ಇಂಥ ನಾನು ರೋಬೋಟ್ ಕಟ್ಟಿದರೆ ಹೇಗಿರಬೇಡ! ಹೆಸರನ್ನು ಮೊದಲೇ ಇಟ್ಟುಬಿಟ್ಟೆ: ಮೂಡಲಗಿ ಕೇಸರಿ. ಹಳೆಯ ಜೀಪಿನ ವೈಪರ್ ಮೋಟರಿನಿಂದ ಗಾಲಿ ತಿರುಗಿಸಿದೆ. ಔಷಧ ಹೊಡೆಯುವ ಪಂಪಿನ ಬ್ಯಾಟರಿ ಕೂರಿಸಿದೆ. ಮೇವು ಕತ್ತರಿಸುವ ಯಂತ್ರದ ಅಲಗನ್ನು ನೆತ್ತಿಯ ಮೇಲೆ ಗಿರಗಿರ ತಿರುಗುವಂತೆ ಹಚ್ಚಿದೆ. ಇಷ್ಟೆಲ್ಲ ನಡೆದದ್ದು ನಮ್ಮ ಮನೆಯ ನಡುಕೋಣೆಯಲ್ಲಿ. ಜಗಳ ಶುರುವಾದದ್ದೂ ಅಲ್ಲಿಂದಲೇ.

"ರೀ, ನಡುವಿನ ಖೋಲಿ ಖಾಲಿ ಮಾಡ್ತೀರೋ ಇಲ್ಲೋ?" ಎಂದಳು ನನ್ನ ಹೆಂಡತಿ ನಂದಾ. "ಮುಂದಿನ ವಾರ ಗೋಕಾಕದಾಗ ಅವ್ವನ ಕಣ್ಣಿನ ಆಪರೇಶನ್ ಐತಿ. ಆಮ್ಯಾಲ ಒಂದ್ ತಿಂಗಳ ಧೂಳಿ ತಾಕಬಾರ್ದಂತ ಡಾಕ್ಟರ್ ಹೇಳ್ಯಾರ. ಇಲ್ಲಿ ನೋಡಿದ್ರ ಬರೇ ಕಬ್ಬಿಣದ ಪುಡಿ!"

"ನಿಮ್ಮವ್ವಗ ಹಿತ್ತಲದಾಗ ಪತ್ರಾಸಿನ ಚಪ್ಪರದ ಕೆಳಗ ಹಾಸಿಗಿ ಹಾಕು."

"ಅಲ್ಲಿ ಎಮ್ಮಿ ಕಟ್ತೀವಿ."

"ಎಮ್ಮಿ ಏನೂ ಅನ್ನೂದಿಲ್ಲ."

"ಎಮ್ಮಿ ಅನ್ನಲಿಕ್ಕಿಲ್ಲ, ನಾ ಅಂತೇನಿ!" ಎಂದು ನಂದಾ ತಾಟನ್ನು ನನ್ನ ಮುಂದೆ ಕುಕ್ಕಿದಳು. ರೊಟ್ಟಿ ಒಂದು ಗೇಣು ಮೇಲೆ ಹಾರಿ ಪಲ್ಯದ ಮೇಲೆ ಬಿತ್ತು.

ವೀರನಾದವನು ಹೆಂಗಸಿನ ಜೊತೆ ವಾದ ಮಾಡುವುದಿಲ್ಲ, ಪಣ ತೊಡುತ್ತಾನೆ! "ಕೇಳು. ಐತವಾರ ಕುಸ್ತಿ ಐತಿ. ನನ್ನ ಕೇಸರಿ ಆ ಯಲ್ಲಾಲಿಂಗನ ಕ್ವಾಣಾ ಕೆಡವಿದ್ರ ಈ ಖೋಲಿ ಕಾಯಂ ನಂದು. ಸೋತ್ರ, ನನ್ನ ಕೈಯಾರೆ ಖೋಲಿ ತೊಳದು, ಸುಣ್ಣಾ ಹಚ್ಚಿ, ನಿಮ್ಮವ್ವಗ ಹಾಸಿಗಿ ಹಾಸಿ ಕೊಡ್ತೇನಿ."

"ಊರ ಮುಂದ ಈ ಮಾತ ಹೇಳ್ತೀರಿ?"

"ಊರೇನು, ನಿಮ್ಮವ್ವನ ಮುಂದ ಹೇಳ್ತೇನಿ!"

ಇದು ಸ್ವಲ್ಪ ಹೆಚ್ಚಾಯಿತು. ಏಕೆಂದರೆ ನಮ್ಮತ್ತೆ ಶೆಟ್ಟೆವ್ವ ನನ್ನ ಎದುರಿಗೆ ಮಾತಾಡುವುದೇ ಇಲ್ಲ. ಹುಕ್ಕೇರಿ ಕಡೆಯ ಹಳೆಯ ಮಂದಿ. ಅಳಿಯನ ಜೊತೆ ನೇರ ಮಾತಾಡುವುದು ಮರ್ಯಾದೆಯಲ್ಲ ಅನ್ನುವವರು. ನಾನು ಎದುರಿಗೇ ಕೂತಿದ್ದರೂ "ನಂದಾ, ಅಳ್ಯಾರಿಗೆ ಚಾ ಬೇಕೇನ ಕೇಳು" ಅನ್ನುತ್ತಾರೆ. ನನಗೆ ಫೋನ್ ಮಾಡುವುದಂತೂ ದೂರದ ಮಾತು. ಮಗಳಿಗೆ ಮಾತ್ರ ದಿನಾ ಮುಂಜಾನೆ ಏಳಕ್ಕೆ ಸರಿಯಾಗಿ ಫೋನ್ ಮಾಡಬೇಕು. ಅವರ ಗುಂಡಿ ಫೋನಿನಲ್ಲಿ ಎರಡನ್ನು ಒತ್ತಿ ಹಿಡಿದರೆ ನಂದಾಳ ನಂಬರಿಗೆ ಹೋಗುತ್ತದೆ. ಆ ವ್ಯವಸ್ಥೆ ಮಾಡಿಕೊಟ್ಟವನು ನಾನೇ. ಗೊತ್ತಿಲ್ಲದ ಯಾವ ನಂಬರಿನಿಂದ ಫೋನ್ ಬಂದರೂ ಎತ್ತಬಾರದು, ಬ್ಯಾಂಕಿನವರೆಂದು ಹೇಳಿ ಮೋಸ ಮಾಡುತ್ತಾರೆ ಎಂದು ಗೋಡೆಗೆ ಮುಖ ಮಾಡಿ ಅವರಿಗೆ ಕೇಳಿಸುವಂತೆ ಉಪದೇಶ ಕೊಟ್ಟವನೂ ನಾನೇ.

ಈಗ ನನ್ನ ಮಹಾ ಆವಿಷ್ಕಾರಕ್ಕೆ ಬರೋಣ.

ಸಂಘದ ಮಂದಿ ಎಲ್ಲರೂ ಆಟಿಕೆಯ ರಿಮೋಟ್ ಹಿಡಿದು ಕುಣಿಯುತ್ತಾರೆ. ಕೇಸರಿಯ ಗಾಲಿಗೆ ನಾನೂ ಅದನ್ನೇ ಹಾಕಿದೆ. ಆದರೆ ನೆತ್ತಿಯ ಅಲಗಿಗೆ? ಅದಕ್ಕೆ ನನ್ನ ಅಂಗಡಿಯ ಮೊಬೈಲ್ ಸ್ಟಾರ್ಟರ್! ನಮ್ಮ ಕಡೆಯ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊಲದ ಪಂಪಿಗೆ ಸಿಮ್ ಇರುವ ಒಂದು ಡಬ್ಬಿ ಹಚ್ಚುತ್ತಾರೆ. ಮನೆಯಲ್ಲಿ ಕೂತು ಆ ನಂಬರಿಗೆ ಒಂದು ಮಿಸ್ಡ್ ಕಾಲ್ ಕೊಟ್ಟರೆ ಪಂಪು ಚಾಲೂ, ಇನ್ನೊಂದು ಕೊಟ್ಟರೆ ಬಂದ್. ಆ ಡಬ್ಬಿಯನ್ನು ಕೇಸರಿಯ ಹೊಟ್ಟೆಯಲ್ಲಿ ಕೂರಿಸಿದೆ. ಅವರ ರಿಮೋಟ್ ಐವತ್ತು ಅಡಿ ದಾಟುವುದಿಲ್ಲ. ನಾನು ಬೇಕಾದರೆ ಬೀದರದಲ್ಲಿ ನಿಂತು ಯಲ್ಲಾಲಿಂಗನ ಕೋಣವನ್ನು ಕೊಚ್ಚಬಹುದು!

ಆ ಡಬ್ಬಿಯಲ್ಲಿ ಮಾಲೀಕನ ನಂಬರನ್ನು ನೋಂದಾಯಿಸುವ ಒಂದು ಪದ್ಧತಿ ಇದೆ. ನೋಂದಾಯಿಸದಿದ್ದರೆ ಯಾರು ಫೋನ್ ಮಾಡಿದರೂ ಪಂಪು ಚಾಲೂ ಆಗಿಬಿಡುತ್ತದೆ. ಅಂಗಡಿಗೆ ಬಂದ ಪ್ರತಿಯೊಬ್ಬ ರೈತನಿಗೂ ಇದನ್ನು ನಾನೇ ಹೇಳುತ್ತೇನೆ, ಹೇಳಿ ಗದರಿಸುತ್ತೇನೆ, "ತಲಿ ಐತಿಲ್ಲೋ ನಿಮಗ?" ಎಂದೂ ಕೇಳುತ್ತೇನೆ. ಆದರೆ ಅದೆಲ್ಲ ಗಿರಾಕಿಗಳಿಗೆ. ನನ್ನಂಥವನಿಗೆ ನೋಂದಣಿ ಯಾಕೆ?

ಒಂದೇ ತೊಡಕು. ಕೇಸರಿಗೆಂದು ತಂದ ಹೊಸ ಸಿಮ್ಮಿಗೆ ಗಾಣದೊಳಗೆ ರೇಂಜ್ ಸಿಗಲಿಲ್ಲ. ಅಲ್ಲಿ ಸಿಗುವುದು ನಂದಾಳ ಸಿಮ್ಮಿನ ಕಂಪನಿಯದು ಮಾತ್ರ. ಅದೇ ಹೊತ್ತಿಗೆ ಅವಳ ಫೋನು ಹಿಟ್ಟಿನ ಪರಾತದ ಪಕ್ಕದ ಕೊಡದಲ್ಲಿ ಮುಳುಗಿ ಸತ್ತಿತು. ಹೊಸ ಫೋನು ಬಂತು. "ಹಳೇ ಸಿಮ್ ಹಾಕಿ ಕೊಡ್ರಿ" ಎಂದಳು. ನಾನು ಅವಳ ಸಿಮ್ಮನ್ನು ಕೇಸರಿಗೆ ಹಾಕಿದೆ, ಕೇಸರಿಯ ಸಿಮ್ಮನ್ನು ಅವಳಿಗೆ ಹಾಕಿದೆ. "ಹಳೇ ನಂಬರ್ ಬಂದ್ ಆಗೇತಿ. ನೀರ ಹೊಕ್ಕಿತ್ತಲ್ಲ, ಸುಟ್ಟ ಹೋತು" ಎಂದು ಸಿಮ್ಮಿನ ವಿಜ್ಞಾನವನ್ನು ಐದು ನಿಮಿಷ ವಿವರಿಸಿದೆ. ಪಾಪ, ನಂಬಿದಳು.

ಮರುದಿನ ಮುಂಜಾನೆ ಹಿತ್ತಲಲ್ಲಿ ನಿಂತು ಹಲ್ಲುಜ್ಜುತ್ತಿದ್ದೆ. ನಡುಕೋಣೆಯಿಂದ ಭರ್ ಎಂಬ ಸದ್ದು! ಓಡಿಬಂದು ನೋಡುತ್ತೇನೆ, ಕೇಸರಿ ತನ್ನಷ್ಟಕ್ಕೆ ತಾನೇ ಎದ್ದಿದ್ದಾನೆ. ಮೇಲೆ ಹೊದಿಸಿದ್ದ ಕೌದಿಯ ಅಂಚು ಅಲಗಿಗೆ ಸಿಕ್ಕಿದೆ. ನಮ್ಮತ್ತೆ ಒಂದು ಬೇಸಿಗೆಯಿಡೀ ಕೂತು ಹೊಲಿದು ಕೊಟ್ಟ ಕೌದಿ! ಹಳೆಯ ಸೀರೆಯ ತುಂಡುಗಳು ಕೋಣೆಯ ತುಂಬ ಹಾರಾಡುತ್ತಿವೆ, ಕೇಸರಿ ಕೌದಿ ಹೊದ್ದುಕೊಂಡು ಗರಗರ ತಿರುಗುತ್ತ ಗ್ರೀಸಿನ ಡಬ್ಬಿಗೆ ಗುದ್ದಿದ್ದಾನೆ, ಗ್ರೀಸು ಗೋಡೆಗೆ, ಛಾವಣಿಗೆ, ನನ್ನ ಬನಿಯನ್ನಿಗೆ!

"ನಿಮ್ಮ ಫೋನ್ ಇಲ್ಲೇ ಐತಿ, ಒತ್ತಿ ಬಂದ್ ಮಾಡ್ಲ್ಯಾ?" ಎಂದು ಅಡುಗೆಮನೆಯಿಂದ ನಂದಾ ಕೂಗಿದಳು.

"ಮುಟ್ಟಬ್ಯಾಡ!" ಎಂದು ಬಾಯಿ ತುಂಬ ನೊರೆ ಇಟ್ಟುಕೊಂಡೇ ಗರ್ಜಿಸಿದೆ. ಅಷ್ಟರಲ್ಲಿ ಕೇಸರಿ ತಾನಾಗಿಯೇ ನಿಂತ.

"ತಾನ ಚಾಲೂ ಆಗ್ತೈತಿ, ತಾನ ಬಂದ್ ಆಗ್ತೈತಿ. ಏನೋ ಕೆಟ್ಟೇತಿ ನೋಡ್ರಿ."

"ಕೆಟ್ಟಿಲ್ಲ. ಉಮೇದಿ ಬಂದೇತಿ. ಜಾತಿವಂತ ಕುದುರಿ ಒಂದ ಕಡೆ ನಿಲ್ತೈತೇನ?"

"ಕುದುರಿ ಕೌದಿ ತಿನ್ನೂದಿಲ್ಲ" ಎಂದು ನಂದಾ ತುಂಡುಗಳನ್ನು ಆಯತೊಡಗಿದಳು.

ಅಂದಿನಿಂದ ಅಲಗಿನ ವೈರನ್ನು ಬಿಚ್ಚಿಡತೊಡಗಿದೆ. ಅಲಗು ತಿರುಗಲಿಲ್ಲ. ಆದರೆ ದಿನಾ ಮುಂಜಾನೆ ಏಳಕ್ಕೆ ಡಬ್ಬಿಯೊಳಗೆ 'ಟಕ್' ಅನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ 'ಟಕ್'. ಮಲ್ಲ ಒಡೆಯನಿಗೆ ಸಲಾಂ ಹೊಡೆಯುತ್ತಿದ್ದಾನೆ ಎಂದುಕೊಂಡು ನಾನೂ ತಲೆಯಾಡಿಸುತ್ತಿದ್ದೆ. ಓದುಗರೇ, ನಿಮಗೆ ವಿಷಯ ಹೊಳೆದಿದ್ದರೆ ದಯವಿಟ್ಟು ಹಿಗ್ಗಬೇಡಿ. ಮೂಡಲಗಿ ತಾಲೂಕಿನ ಏಕಮಾತ್ರ ಬುದ್ಧಿವಂತನಿಗೆ ಹೊಳೆದಿರಲಿಲ್ಲ.

ಇತ್ತ ನಂದಾ ದಿನದಿಂದ ದಿನಕ್ಕೆ ಸಪ್ಪಗಾದಳು. "ರೀ, ಅವ್ವ ನನ್ನ ಹೊಸಾ ನಂಬರಿನ ಫೋನ್ ಎತ್ತವಲ್ಲಳು. ನಿಮ್ಮ ಫೋನ್ ಕೊಡ್ರಿ, ಅದನ್ನಾದ್ರೂ ಎತ್ತತಾಳ."

"ಇದು ಈಗ ಫೋನಲ್ಲ, ರಣರಂಗದ ಆಯುಧ! ಒಂದ್ ಗುಂಡಿ ತಪ್ಪಿ ಒತ್ತಿದ್ರ ಅನಾಹುತ ಆಗ್ತೈತಿ. ಕುಸ್ತಿ ಮುಗೀಲಿ, ಆಮ್ಯಾಲ ಮಾತಾಡು."

"ಆಪರೇಶನ್ ಅಂದ್ರ ಅಕಿಗೆ ಅಂಜಿಕಿ ಭಾಳ್ರಿ. ಒಬ್ಬಾಕೀನ ಅದಾಳು."

"ಎರಡ ದಿನದಾಗ ಏನೂ ಆಗೂದಿಲ್ಲ ಬಿಡು" ಎಂದೆ. ಅವಳ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿದೆ. ನೋಡಿಯೂ ಸ್ಕ್ರೂ ತಿರುಗಿಸುತ್ತ ಕೂತೆ. ಈಗ ಬರೆಯುವಾಗ ಆ ಸ್ಕ್ರೂಡ್ರೈವರನ್ನು ನನ್ನ ತಲೆಗೇ ಹಾಕಿ ತಿರುಗಿಸಬೇಕು ಅನ್ನಿಸುತ್ತದೆ.

ಭಾನುವಾರ ಬಂತು. ಗಾಣದ ತುಂಬ ಮಂದಿ. ನಂದಾ ಕೂಡ ಬಂದು ಜಾಳಿಗೆಗೆ ಆತು ನಿಂತಿದ್ದಳು. ಕೋಣೆಯ ತೀರ್ಮಾನವನ್ನು ಕಣ್ಣಾರೆ ನೋಡುವುದಿತ್ತಲ್ಲ! ನಾನು ಎದೆ ಉಬ್ಬಿಸಿ ಕಣದ ಮುಂದೆ ನಿಂತು ಪಣವನ್ನು ಘೋಷಿಸಿದೆ. ಗೆದ್ದರೆ ಕೋಣೆ ನನ್ನದು, ಸೋತರೆ ಅತ್ತೆಯದು. ಜನ ಹೋ ಎಂದರು.

"ಮಾಯಪ್ಪಣ್ಣಾ, ಸುಣ್ಣಾ ತಂದಿಟ್ಟೀರೇನ್ರಿ?" ಎಂದ ಯಲ್ಲಾಲಿಂಗ, ಕೈಗೆ ಹತ್ತಿದ ಗ್ರೀಸನ್ನು ಒರೆಸುತ್ತ.

"ನೀ ನಿನ್ನ ಕ್ವಾಣದ ತಿಥಿಗೆ ಏನೇನ ತರಬೇಕಂತ ಪಟ್ಟಿ ಮಾಡು!"

ದುಂಡಪ್ಪ ಕಾಕಾ ಎರಡೂ ಯಂತ್ರಗಳಿಗೆ ಕೆಂಪು ಮಣ್ಣು ಸವರಿ ಸೀಟಿ ಊದಿದರು. ಅಲಗಿನ ವೈರನ್ನು ಮತ್ತೆ ಜೋಡಿಸಿಯೇ ತಂದಿದ್ದೆ. ಎಡಗೈಯಲ್ಲಿ ಗಾಲಿಯ ರಿಮೋಟು, ಬಲಗೈಯಲ್ಲಿ ಫೋನು. ಒಂದು ಮಿಸ್ಡ್ ಕಾಲ್ ಕೊಟ್ಟೆ. ಭರ್ ಎಂದು ಅಲಗು ತಿರುಗಿತು! ಜನ ಎರಡು ಹೆಜ್ಜೆ ಹಿಂದೆ ಸರಿದರು. ಕೇಸರಿ ನುಗ್ಗಿದ ಮೊದಲ ಏಟಿಗೆ ಕೋಣದ ಒಂದು ಗಾಲಿ ಹಾರಿ ಜಾಳಿಗೆಗೆ ಬಡಿಯಿತು. ಎರಡನೆಯ ಏಟಿಗೆ ಟ್ರಂಕಿನ ಮುಚ್ಚಳ ಸೀಳಿತು. ಕೋಣ ಕುಂಟುತ್ತ ಮೂಲೆ ಸೇರಿತು. ಯಲ್ಲಾಲಿಂಗನ ಮುಖ ಬಾಡಿತು. ನಾನು ನಂದಾಳ ಕಡೆ ತಿರುಗಿ ಮೀಸೆ ಸವರಿಕೊಂಡೆ. ಇನ್ನೊಂದೇ ಏಟು, ಕೋಣೆ ನನ್ನದು!

ಅಲಗು ನಿಂತುಬಿಟ್ಟಿತು.

ನಾನು ಏನೂ ಒತ್ತಿರಲಿಲ್ಲ. ದೇವರಾಣೆ ಒತ್ತಿರಲಿಲ್ಲ! ಗಡಬಡಿಸಿ ಮತ್ತೆ ಫೋನ್ ಹಚ್ಚಿ ಕಿವಿಗಿಟ್ಟೆ. ಒಬ್ಬ ಹೆಣ್ಣುಮಗಳು ಬಹಳ ಮರ್ಯಾದೆಯಿಂದ ಹೇಳಿದಳು: "ನೀವು ಕರೆ ಮಾಡಿದವರು ಬೇರೊಬ್ಬರ ಜೊತೆ ಮಾತನಾಡುತ್ತಿದ್ದಾರೆ. ಸ್ವಲ್ಪ ಹೊತ್ತಿನ ನಂತರ ಪ್ರಯತ್ನಿಸಿ."

ಅಯ್ಯೋ! ಕುಸ್ತಿಯ ನಟ್ಟನಡುವೆ ನನ್ನ ಮಲ್ಲ ಯಾರ ಜೊತೆ ಮಾತಿಗೆ ಕೂತಿದ್ದಾನೆ? ಮತ್ತೆ ಹಚ್ಚಿದೆ. ಮತ್ತೆ ಅದೇ ಹೆಣ್ಣುಮಗಳು, ಅದೇ ಮರ್ಯಾದೆ.

"ಮಾಯಪ್ಪಾ, ಕುಸ್ತಿ ಆಡಾಕ ಬಂದೀಯೋ, ಫೋನಿನಾಗ ಹರಟಿ ಹೊಡ್ಯಾಕ ಬಂದೀಯೋ?" ಎಂದು ದುಂಡಪ್ಪ ಕಾಕಾ ಗದರಿದರು.

ಅಷ್ಟರಲ್ಲಿ ಕೋಣ ಮೂರೇ ಗಾಲಿಯ ಮೇಲೆ ತೆವಳುತ್ತ ಬಂತು. ನಿಧಾನಕ್ಕೆ ನೇಗಿಲಿನ ತಗಡನ್ನು ಕೇಸರಿಯ ಅಡಿಗೆ ತೂರಿಸಿ ಎತ್ತಿ ಒಗೆಯಿತು. ಕೇಸರಿ ಬೋರಲು ಬಿದ್ದ. ಆಗ, ಆ ಕೆಟ್ಟ ಗಳಿಗೆಯಲ್ಲಿ, ಅಲಗು ತಾನಾಗಿಯೇ ಮತ್ತೆ ಚಾಲೂ ಆಯಿತು! ನೆಲಕ್ಕೆ ಮುಖ ಮಾಡಿದ್ದ ಅಲಗು ಗಚ್ಚನ್ನು ಕೊರೆಯತೊಡಗಿತು. ಕೇಸರಿ ಕಣದ ತುಂಬ ಗಿರಕಿ ಹೊಡೆದು, ಜಾಳಿಗೆಗೆ ಅಪ್ಪಳಿಸಿ, ತನ್ನ ಬ್ಯಾಟರಿಯನ್ನು ತಾನೇ ಹೊರಗೆ ಕಕ್ಕಿ, ತನ್ನ ವೈರನ್ನು ತಾನೇ ಕತ್ತರಿಸಿಕೊಂಡು ತಣ್ಣಗಾದ. ಇದನ್ನೆಲ್ಲ ಕೋಣ ಬಾಜೂಕ್ಕೆ ನಿಂತು ಸುಮ್ಮನೆ ನೋಡುತ್ತಿತ್ತು.

ದುಂಡಪ್ಪ ಕಾಕಾ ಹತ್ತು ಎಣಿಸಿದರು. ಬೇಕೆಂದೇ ನಿಧಾನಕ್ಕೆ ಎಣಿಸಿದರು.

ನಾನು ಸುಮ್ಮನಿರುವ ಗಂಡಸೇ? "ಮೋಸಾ!" ಎಂದು ಚೀರಿದೆ. "ಈ ಯಲ್ಲಾಲಿಂಗ ನನ್ನ ಮಷೀನಿಗೆ ಫೋನ್ ಹಚ್ಚ್ಯಾನ! ತಪಾಸಣಿ ಆಗಬೇಕು!"

"ಖರೆ ಹೇಳ್ತೇನ್ರಿ, ನಿಮ್ಮ ಮಷೀನಿನ ನಂಬರ್ ನನಗ ಎಲ್ಲಿಂದ ಬರಬೇಕು?" ಎಂದು ಅವನು ಎರಡೂ ಕೈ ತೋರಿಸಿದ.

"ಸಿಮ್ ತಗದು ಬ್ಯಾರೆ ಫೋನಿಗೆ ಹಾಕ್ರಿ. ಯಾರ್ ಹಚ್ಚಾಕತ್ತಾರ, ಗೊತ್ತಾಗ್ಲಿ" ಎಂದು ದುಂಡಪ್ಪ ಕಾಕಾ ತೀರ್ಪು ಕೊಟ್ಟರು. ನಂದಾ ತನ್ನ ಹೊಸ ಫೋನನ್ನು ಮುಂದೆ ಚಾಚಿದಳು. ಆಗ ನನಗೆ ಮೊಟ್ಟಮೊದಲ ಬಾರಿಗೆ ವಿಷಯ ಹೊಳೆಯಿತು. "ಬ್ಯಾಡ ಬಿಡ್ರಿ ಕಾಕಾ, ನಾ ಸೋತೆ" ಎಂದೆ. ಯಾರೂ ಕೇಳಲಿಲ್ಲ. ಸಿಮ್ ಹಾಕಿದರು.

ಫೋನು ರಿಂಗಾಯಿತು. ನಂದಾ ಪರದೆಯ ಮೇಲಿನ ನಂಬರನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ನಂಬರನ್ನು ನೋಡಿದಳು.

"ಅವ್ವಾ?"

"ಎಂಟ್ ದಿನಾ ಆತಲ್ಲ ಎವ್ವಾ!" ಶೆಟ್ಟೆವ್ವನ ದನಿ ಗಾಣದ ಮೂಲೆಮೂಲೆಗೂ ಕೇಳಿಸಿತು. ಅವರು ಫೋನಿನಲ್ಲಿ ಮಾತಾಡುವುದೇ ಹಾಗೆ, ಹುಕ್ಕೇರಿಯಿಂದ ಫೋನಿಲ್ಲದೆಯೂ ಕೇಳಿಸಬೇಕು. "ದಿನಾ ಮುಂಜಾನೆ ಹಚ್ಚತೇನಿ, ರಿಂಗ್ ಆಗ್ತೈತಿ, ಕಟ್ ಆಗ್ತೈತಿ! ನಿನಗೇನ ಆತೋ, ನನ್ನ ಮ್ಯಾಲ ಸಿಟ್ಟಾದಿಯೋ ಅಂತ ಎರಡ ದಿನಾ ರೊಟ್ಟಿ ಮುರದಿಲ್ಲ ನೋಡು. ಇವತ್ತ ತಡೀಲಿಲ್ಲ, ಬಸ್ ಹತ್ತಿ ಬಂದಬಿಟ್ಟೇನಿ. ಮೂಡಲಗಿ ಬಸ್ ಸ್ಟ್ಯಾಂಡಿನಾಗ ನಿಂತೇನಿ, ಇಲ್ಲಿಂದನೂ ನಾಕ್ ಸಲ ಹಚ್ಚಿದ್ನಿ!"

ನಂದಾ ಅಳಲೂ ಇಲ್ಲ, ಬೈಯಲೂ ಇಲ್ಲ. "ಅಲ್ಲೇ ನಿಂದರವ್ವಾ, ಬಂದ್ನಿ" ಎಂದು ಫೋನಿಟ್ಟಳು. ಆಮೇಲೆ ಊರ ಮುಂದೆ ನನ್ನನ್ನು ಒಂದೇ ಮಾತು ಕೇಳಿದಳು. "ನೀರ ಹೊಕ್ಕು ಸುಟ್ಟ ಸಿಮ್ ಇದೇನ್ರಿ?"

ಆ ಹೊತ್ತಿಗೆ ನನಗೆ ಆದ ನಾಚಿಕೆಯನ್ನು ಯಾವ ಹಾಸ್ಯದಿಂದಲೂ ಮುಚ್ಚಲಾರೆ. ಎಂಟು ದಿನ ಒಬ್ಬ ಮುದುಕಿ ಮಗಳಿಗೆಂದು ಕೂಗಿದ್ದನ್ನು ನಾನು ಮುರುಕು ಡಬ್ಬಿಯ ಸಲಾಂ ಎಂದುಕೊಂಡು ತಲೆಯಾಡಿಸಿದ್ದೆ. ಗಾಣದ ಮಂದಿಯೆಲ್ಲ ಬಿದ್ದು ಬಿದ್ದು ನಕ್ಕರು, ಯಲ್ಲಾಲಿಂಗ ಮಾತ್ರ ನಗಲಿಲ್ಲ. "ನಡೀರಿ ವೈನಿ, ನನ್ನ ಗಾಡಿ ಐತಿ, ಅವ್ವಾರನ್ನ ಕರಕೊಂಡ ಬರೋಣು" ಎಂದು ನಂದಾಳನ್ನು ಕರೆದುಕೊಂಡು ಹೋದ. ಮೂರು ಗಾಲಿಯ ಕೋಣದ ಮಾಲೀಕನಲ್ಲಿ ಇಷ್ಟು ಬುದ್ಧಿ ಇದ್ದೀತೆಂದು ನಾನು ಎಣಿಸಿರಲಿಲ್ಲ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಕೋಣೆ ತೊಳೆದೆ. ಗ್ರೀಸು ಕೆರೆದೆ. ಸುಣ್ಣ ಹಚ್ಚಿದೆ. ನನ್ನ ಮೋಟರು, ಗಾಲಿ, ಅಲಗುಗಳೆಲ್ಲ ಹಿತ್ತಲ ಪತ್ರಾಸಿನ ಕೆಳಗೆ ಹೋದವು. ಎಮ್ಮೆ ಒಂದು ವೈಪರ್ ಮೋಟರಿನ ಮೇಲೆ ಆಗಲೇ ತನ್ನ ಅಭಿಪ್ರಾಯವನ್ನು ಹಾಕಿದೆ. ಆಪರೇಶನ್ ಚೆನ್ನಾಗಿ ಆಯಿತು. ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ನಡುಕೋಣೆಯ ಮಂಚದ ಮೇಲೆ ವಿರಾಜಮಾನರಾದರು.

ಮೂರನೆಯ ದಿನ ದುಂಡಪ್ಪ ಕಾಕಾ ಮನೆಗೆ ಬಂದರು. ಬಗಲಲ್ಲಿ ಜರಿಯ ರುಮಾಲು, ಗೆದ್ದ ಪೈಲ್ವಾನನಿಗೆ ಸಂಘದವರು ಸುತ್ತುವಂಥದ್ದು. "ಯಲ್ಲಾಲಿಂಗ ಒಲ್ಲೆ ಅಂದ" ಎಂದರು. "ತನ್ನ ಕ್ವಾಣ ಗೆದ್ದಿಲ್ಲಂತ. ಗೆದ್ದಾಕಿ ಬಸ್ ಸ್ಟ್ಯಾಂಡಿನಾಗ ನಿಂತಿದ್ಳಂತ." ಹೀಗೆಂದವರೇ ರುಮಾಲನ್ನು ನಮ್ಮತ್ತೆಯ ಮಂಚದ ಮೇಲೆ ಇಟ್ಟು, ನಡೆದದ್ದನ್ನೆಲ್ಲ ಅವರಿಗೆ ಮೊದಲಿನಿಂದ ಕೊನೆಯ ತನಕ ಹೇಳಿದರು. ಯಾವ ಕರೆಗೆ ಅಲಗು ನಿಂತಿತು, ಯಾವ ಕರೆಗೆ ತಿರುಗಿತು, ಒಂದೂ ಬಿಡಲಿಲ್ಲ. ನಾನು ಬಾಗಿಲಲ್ಲಿ ಚಹದ ತಾಟು ಹಿಡಿದು ನಿಂತಿದ್ದೆ.

ಶೆಟ್ಟೆವ್ವ ರುಮಾಲಿನ ಜರಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಸೆರಗು ಸರಿಮಾಡಿಕೊಂಡರು. ನನ್ನ ಕಡೆ ತಿರುಗದೆಯೇ ಮಗಳಿಗೆ ಹೇಳಿದರು:

"ನಂದಾ, ಮುಂದಿನ ಕುಸ್ತಿ ಯಾವತ್ತ ಐತಿ ಅಂತ ಅಳ್ಯಾರನ್ನ ಕೇಳು. ಫೋನ್ ಚಾರ್ಜ್ ಮಾಡಿ ಇಟಗೊಂಡಿರ್ತೇನಿ."